ಡಬ್ಬಿ, ಮೊಸರು ಮತ್ತು ಅಪ್ಪನ ಚುಕ್ಕಿ

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ಬೆಚ್ಚಿಬೀಳಲೇಬೇಕು. ಮೊದಲೆಲ್ಲ ಅದಕ್ಕೆ ನಾನೇ ಕಾರಣ. ಹತ್ತನೇ ಕ್ಲಾಸಿನ ಮೇಲೆ ಎರಡು ಸಲ ದಂಡೆತ್ತಿ ಹೋಗಿ ಬರಿಗೈಲಿ ಬಂದವನು, ಅಷ್ಟಾದರೂ ಮಾಡಬೇಡವೇ? ಆದರೆ ಅಕ್ಕ ಪಿಎಚ್‌ಡಿಗೆ ಸೇರಿದ ಮೇಲೆ ನನ್ನ ಕೆಲಸ ಹೋಯಿತು.

ಅವಳ ವಿಷಯ, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ. ದೆಹಲಿಯ ಕನ್ನಡದವರಲ್ಲಿ ಯಾವುದು ಎಷ್ಟು, ಪಂಜಾಬಿಗಳಲ್ಲಿ ಎಷ್ಟು ಅಂತ ಹೋಲಿಸಬೇಕು. ಅದಕ್ಕೆ ಸ್ಯಾಂಪಲ್ ಅಂದರೆ ಮಲ ಅಂತ ಗೊತ್ತಾಗಿದ್ದಕ್ಕೇ ಅಮ್ಮ ಹೋಗಿ ಕೈ ತೊಳೆದುಕೊಂಡರು. ಲೆಕ್ಕ ಸರಿಬರದಿದ್ದರೆ ಥೀಸಿಸ್ ಮೊದಲಿಂದ ಶುರು ಮಾಡು ಅಂತ ಗೈಡ್ ಮೇಡಂ ಹೇಳಿಬಿಟ್ಟಿದ್ದರು.

೧. ಖಾಲಿ ಡಬ್ಬಿ

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅಕ್ಕ ಮನೆಮನೆಗೂ ಡಬ್ಬಿ ಕೊಟ್ಟು ಬಂದಳು. ಏನು ತುಂಬಿಸಬೇಕು ಅಂತ ಬಾಯಲ್ಲಿ ಹೇಳೋಕೆ ನಾಚಿಕೆ, ಚೀಟಿ ಅಂಟಿಸಿದ್ದಳು. ಚೀಟಿ ಯಾರು ಓದುತ್ತಾರೆ? ಮೂರನೇ ಮಹಡಿ ಆಂಟಿ ಕೊಟ್ಟ ಡಬ್ಬಿ ನೋಡಿದರೆ ಕಂದು ಬಣ್ಣ. ಅಕ್ಕ ಮೂಗು ಮುಚ್ಚಿಕೊಂಡು ಐಸ್ ಪೆಟ್ಟಿಗೆಯಲ್ಲಿ ಇಟ್ಟಳು.

ಸಂಜೆ ತುಂಬಿದ ಲಿಫ್ಟಿನಲ್ಲಿ ಆಂಟಿ ಅಮ್ಮನನ್ನು ಹಿಡಿದರು. "ಖಾಲಿ ಡಬ್ಬಿ ಹೇಗ್ರೀ ವಾಪಸ್ ಕೊಡೋದು? ಅದಕ್ಕೇ ತುಂಬಿಸಿದೆ. ಮನೇಲೇ ಮಾಡಿದ್ದು. ಎಲ್ಲರೂ ತಿಂದಿರಾ?"

ಅದು ಪುಳಿಯೋಗರೆ ಗೊಜ್ಜು ಅಂತ ಆಂಟಿ ಹೇಳುವಷ್ಟರಲ್ಲಿ ಅಮ್ಮ ಲಿಫ್ಟಿನಲ್ಲೇ ಕೂತುಬಿಟ್ಟಿದ್ದರು.

೨. ಔಷಧಿಯಲ್ಲದ ಔಷಧಿ

ಹೋಲಿಸೋಕೆ ಮುಂಚೆ ವಯಸ್ಸು, ಔಷಧಿ, ಮೊಸರು ಇವುಗಳ ಪ್ರಭಾವ ಕಳೆಯಬೇಕಂತೆ. ನನಗೆ ಕ್ರಿಕೆಟ್ಟಿನಲ್ಲಿ ಅರ್ಥವಾಯಿತು. ಒಬ್ಬ ಮೂವತ್ತು ಹೊಡೆದ, ಇನ್ನೊಬ್ಬ ಹತ್ತು. ಆದರೆ ಮೊದಲನೆಯವನಿಗೆ ಬೌಲಿಂಗ್ ಮಾಡಿದ್ದು ಅವನ ಪುಟ್ಟ ತಂಗಿ. ಅದನ್ನು ಕಳೆಯದೆ ಯಾರು ಶೂರ ಅನ್ನಬೇಡ, ಅಷ್ಟೇ.

ಪಕ್ಕದ ಮನೆ ರಿಟೈರ್ಡ್ ಅಂಕಲ್‌ರನ್ನು ಅಕ್ಕ ಕೇಳಿದಳು. "ಆ್ಯಂಟಿಬಯೋಟಿಕ್ ಔಷಧಿ ಏನಾದ್ರೂ?"

"ಛೆ ಛೆ! ಜನ್ಮದಲ್ಲೇ ಮುಟ್ಟಿಲ್ಲ."

ನಾನು ಅವರ ಟೀಪಾಯಿ ಮೇಲಿದ್ದ ಮಾತ್ರೆ ಎತ್ತಿ ತೋರಿಸಿದೆ. ಅಕ್ಕ ಹೆಸರು ಓದಿ ಹೌಹಾರಿದಳು. "ಅಂಕಲ್, ಇದು ಅದೇ!"

"ಅದು ಔಷಧಿಯಲ್ಲಮ್ಮ, ಕೆಮಿಸ್ಟ್ ಭಯ್ಯಾ ಕೊಟ್ಟಿದ್ದು. ಡಾಕ್ಟರ್ ಕೊಟ್ಟರೆ ತಾನೇ ಔಷಧಿ?"

"ಹೊಟ್ಟೆ ಕೆಟ್ಟಿತ್ತಾ?"

"ಇನ್ನೂ ಇಲ್ಲ. ನಾಳೆ ಮದುವೆ ಊಟ ಇದೆ."

೩. ಮೊಸರು ತಿನ್ನದವರು

ಮೊಸರಿನ ಪ್ರಶ್ನೆಗೆ ಪಂಜಾಬಿಗಳೆಲ್ಲ "ಹಾಂ ಜೀ, ಒಂದು ಬಟ್ಟಲು" ಅಂದರು. ನಮ್ಮವರೆಲ್ಲ "ಹಾಗೇನೂ ತಿನ್ನಲ್ಲ" ಅಂದರು. ಲೆಕ್ಕ ಹಾಕಿದರೆ, ಮೊಸರು ಮುಟ್ಟದ ಕನ್ನಡದ ಹೊಟ್ಟೆಗಳಲ್ಲೇ ಮೊಸರಿನ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿದೆ! ಹೊಸ ಸಂಶೋಧನೆ ಅಂತ ಅಕ್ಕ ಕುಣಿದಾಡಿದಳು.

ಊಟಕ್ಕೆ ಕೂತಾಗ ಅಮ್ಮನ ತಟ್ಟೆ ನೋಡಿ ಕೇಳಿದೆ. "ಅಮ್ಮ, ಅದೇನು ಕಲಸ್ತಿರೋದು?"

"ಮೊಸರನ್ನ."

ಅಕ್ಕನ ತುತ್ತು ಕೈಯಲ್ಲೇ ನಿಂತಿತು. "ಮೊಸರು ತಿನ್ನಲ್ಲ ಅಂತ ಬರೆಸಿದ್ದೀಯಲ್ಲಮ್ಮ!"

"ಅಯ್ಯೋ, ಇದು ತಿನ್ನೋದಾ? ಊಟ ಮುಗಿಸೋದು ಕಣೇ!"

೪. ಒಂಟಿ ಚುಕ್ಕಿ

ಅಕ್ಕ ಮತ್ತೆ ಮನೆಮನೆ ಸುತ್ತಿ ಕೇಳಿ, ಮೊಸರಿನ ಪ್ರಭಾವ ಕಳೆದಳು. ಕನ್ನಡ-ಪಂಜಾಬಿ ವ್ಯತ್ಯಾಸ ಬಹುಪಾಲು ಮಾಯ! ವ್ಯತ್ಯಾಸ ಮಾಡಿದ್ದು ಊರಲ್ಲ, ಮೊಸರು. ಮೇಡಂ ಖುಷಿಯಾದರು. ಆದರೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಟ್ಟ ಗ್ರಾಫಿನಲ್ಲಿ ಒಂದು ಚುಕ್ಕಿ ಮಾತ್ರ ದೂರ ಹೋಗಿ ನಿಂತಿತ್ತು. ಎಲ್ಲರಿಗಿಂತ ಹೆಚ್ಚು ಮೊಸರು ತಿನ್ನೋ ಮನುಷ್ಯ, ಹೊಟ್ಟೆಯಲ್ಲಿ ಅದರ ಬ್ಯಾಕ್ಟೀರಿಯಾದ ಸುಳಿವೇ ಇಲ್ಲ. "ಇದಕ್ಕೆ ಕಾರಣ ತಾ. ಇಲ್ಲದಿದ್ದರೆ ಉಳಿದದ್ದನ್ನೂ ನಂಬಲ್ಲ" ಅಂದರು ಮೇಡಂ.

ಆ ಚುಕ್ಕಿ ನಮ್ಮಪ್ಪ.

ಅಮ್ಮ ಸೌಟು ಹಿಡಿದು ಬಂದರು. "ಏನ್ರೀ, ಮೊಸರನ್ನ ಬಿಟ್ಟು ಆಫೀಸಿನ ಹತ್ತಿರ ಛೋಲೆ ಭಟೂರೆ ಬಾರಿಸ್ತೀರಾ?"

"ದೇವರಾಣೆ ಇಲ್ಲ ಕಣೇ!"

ಅಕ್ಕ ಅಳುವಂತಾಗಿದ್ದಳು. "ಅಪ್ಪ, ಡಬ್ಬಿ ತುಂಬಿಸಿದ್ದು ನೀವೇ ತಾನೇ?"

ಅಪ್ಪ ಕನ್ನಡಕ ಒರೆಸಿಕೊಂಡರು. "ನಾನು ಸೆಕ್ಷನ್ ಆಫೀಸರ್ ಕಣಮ್ಮ. ಟೇಬಲ್‌ಗೆ ಬಂದದ್ದನ್ನೆಲ್ಲ ನಾನೇ ಮಾಡ್ತೀನಾ? ಫೈಲಿನ ಹಾಗೆ ಕ್ಲರ್ಕ್‌ಗೆ ಮಾರ್ಕ್ ಮಾಡಿ ಕಳಿಸಿದೆ. ಸಂಜೆಗೆ ತುಂಬಿ ಬಂತು."

ಅಮ್ಮನ ಸೌಟು ಕೆಳಗೆ ಬಿತ್ತು. ಅಕ್ಕ ಮಾತ್ರ ಕುಣಿದಳು. ಕಾರಣ ಸಿಕ್ಕಿತು, ಥೀಸಿಸ್ ಉಳಿಯಿತು! "ಹಾಗಾದರೆ ಅದು ನಿಮ್ಮ ಕ್ಲರ್ಕ್‌ದು ಅಂತ ಬರೀಲಾ ಅಪ್ಪ?"

"ಹಾಗೆ ಬರೀಬೇಡ. ಅವನ ಕೆಳಗೂ ಇಬ್ಬರಿದ್ದಾರೆ."