ಗೌರಿ ಹೂವಿನ ಗಡ್ಡೆ ಮತ್ತು ಬೀಗರ ಬರಣಿ

ಗಿಡ ಬೆಳೆಸುವುದರಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಹೋದ ಮಳೆಗಾಲದವರೆಗೂ ನಂಬಿದ್ದೆ. ಆಗ ಕುಮಟಾದ ನಾದಿನಿಯ ಮನೆಗೆ ಹೋದವನು, ಹಿತ್ತಿಲಾಚೆ ಕಾಡು ತೆರವಾದ ಜಾಗದಲ್ಲಿ ಗೌರಿ ಹೂವಿನ ಬಳ್ಳಿ ಕಂಡೆ. ಬೆಂಕಿಯ ನಾಲಿಗೆಯಂಥ ಕೆಂಪು ಎಸಳು, ಬುಡದಲ್ಲಿ ಹಳದಿ. ಬೇಸಿಗೆಗೆ ಒಣಗಿದರೂ ಪ್ರತಿ ಮಳೆಗೆ ಗಡ್ಡೆಯಿಂದ ತಾನಾಗಿ ಏಳುತ್ತದಂತೆ. ಇಂಥದ್ದು ಗೋಕಾಕ ಫಾಲ್ಸ್‌ನ ನನ್ನ ಅಂಗಳದಲ್ಲಿ ಇಲ್ಲದಿರುವುದು ಘೋರ ಅನ್ಯಾಯ ಎನಿಸಿತು. ಒಂದು ಗಡ್ಡೆ ಕೇಳಿದೆ. ನಾದಿನಿ ಒಪ್ಪಿದಳು, ಆದರೆ ಅದು ವಿಷ, ಅಡುಗೆಮನೆಯೊಳಗೆ ಒಯ್ಯಬೇಡಿ ಎಂದಳು. ಹೊರಡುವ ಗಡಿಬಿಡಿಯಲ್ಲಿ, ತನ್ನ ಅಕ್ಕನ, ಅಂದರೆ ನನ್ನ ಹೆಂಡತಿಯ, ಉಪ್ಪಿನಕಾಯಿಗೆಂದು ಮಾವಿನಶುಂಠಿಯನ್ನೂ ಸೇರಿಸಿ ಎರಡು ಪೊಟ್ಟಣ ಕೈಗಿತ್ತಳು.

ಊರಿಗೆ ಬಂದು ಒಂದನ್ನು ಶಾಂತಾಳಿಗೆ ಕೊಟ್ಟೆ, ಇನ್ನೊಂದರಲ್ಲಿದ್ದುದನ್ನು ಬೇಲಿಯ ಬುಡದಲ್ಲಿ ನೆಟ್ಟೆ. ಮೊಳಕೆ ಬಂತು. ಹಬ್ಬಲಿ ಎಂದು ಹಗ್ಗ ಕಟ್ಟಿದೆ. ಎಲೆ ಬಾಳೆ ಎಲೆಯಂತೆ ಅಗಲವಾಯಿತೇ ಹೊರತು ಬಳ್ಳಿ ಹಬ್ಬಲಿಲ್ಲ. ಸಮುದ್ರದ ಗಾಳಿ ಬಿಟ್ಟು ಬಂದ ಬೇಸರವಿರಬೇಕೆಂದು ಹಗ್ಗ ಬದಲಿಸಿದೆ.

ಕೊನೆಗೊಂದು ದಿನ ಶಾಂತಾ ಬುಡ ಕೆದರಿ, ಗಡ್ಡೆ ಚಿವುಟಿ ಮೂಸಿದಳು. "ಇದು ಮಾವಿನಶುಂಠಿ ಐತ್ರಿ."

ಹಾಗಾದರೆ ಉಪ್ಪಿನಕಾಯಿಗೆ ಬಿದ್ದದ್ದು ಯಾವುದು? ಅದರದೊಂದು ಬರಣಿ ಮಸಗುಪ್ಪಿಗೆ, ಮಗಳ ಅತ್ತೆಮನೆಗೆ ಹೋಗಿತ್ತು. ಶಾಂತಾ ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಬೈಕ್ ಹತ್ತಿದ್ದೆ.

ಬೀಗರು ಊಟಕ್ಕೆ ಕುಳಿತಿದ್ದರು. ರೊಟ್ಟಿಯ ಪಕ್ಕದಲ್ಲೇ ಉಪ್ಪಿನಕಾಯಿ. ಅವರ ಮುಖಕ್ಕೆ ನೇರವಾಗಿ ವಿಷವೆನ್ನಲು ನಾಲಿಗೆ ಏಳಲಿಲ್ಲ. ತಾಟಿನಲ್ಲಿದ್ದ ಹೋಳನ್ನೇ ಎತ್ತಿಕೊಂಡೆ, ಬರಣಿಯನ್ನು ಬಗಲಿಗೆ ಇಟ್ಟುಕೊಂಡೆ, "ಇದು ನನಗ ಬೇಕ್ರಿ" ಎಂದು ಹೊರಟುಬಂದೆ. ಮಗಳು ಬಾಗಿಲಿಗೆ ಓಡಿಬರುವಷ್ಟರಲ್ಲಿ ಬೈಕ್ ಹೊರಟಿತ್ತು.

ಮನೆಯಲ್ಲಿ ಶಾಂತಾ ಬರಣಿ ನೋಡಿದಳು, ನನ್ನನ್ನು ನೋಡಿದಳು. "ಪಂಚಮಿಯಿಂದ ದಿನಾ ಇದನ್ನ ಕೇಳಿ ಕೇಳಿ ಹಾಕಿಸ್ಕೊಂಡ ತಿಂದೀರಿ. ನಿಮಗ ಏನರ ಆಗೇತೇನ್ರಿ?"

ಅದು ನನಗೆ ಹೊಳೆದೇ ಇರಲಿಲ್ಲ. ನಾದಿನಿಗೆ ಫೋನ್ ಮಾಡಿದೆವು. ಎರಡೂ ಪೊಟ್ಟಣದಲ್ಲಿ ಮಾವಿನಶುಂಠಿಯೇ ಇತ್ತಂತೆ. ಗೌರಿ ಹೂವಿನ ಗಡ್ಡೆ ಅಗೆಯುವುದನ್ನು ಮರೆತಿದ್ದಳಂತೆ. ಮರೆತದ್ದನ್ನು ಹೇಳುವುದನ್ನೂ ಮರೆತಿದ್ದಳಂತೆ.

ಅಷ್ಟರಲ್ಲಿ ಬೀಗರದೇ ಫೋನ್ ಬಂತು. "ಉಪ್ಪಿನಕಾಯಿ ನಿಮಗ ಅಷ್ಟ ಸೇರತಿದ್ರ ಮೊದಲ ಹೇಳೂದಲ್ರಿ ಬೀಗರ? ನಾವ ಒಂದ ಬರಣಿ ಹಾಕಿ ಕಳಸ್ತಿದ್ವಿ."

ಬೀಗರಿಗೆ ವಿಷ ಕಳಿಸಿದೆನೆಂದು ಹೆದರಿ ಓಡಿಬಂದ ಕಥೆ ಹೇಳುವುದೋ, ಹೊಟ್ಟೆಬಾಕನೆನಿಸಿಕೊಳ್ಳುವುದೋ?

"ಹೌದ್ರಿ," ಎಂದೆ, "ಭಾಳ ಸೇರತೈತಿ."