ಜಟಕಾದ ಮುಂದಿನ ಜಾಗ

"ಅಕ್ಕಾರ, ನೀವು ಹತ್ತಿದ್ರ ನನ್ನ ಕುದುರಿ ಏಳಂಗಿಲ್ರಿ," ಹತ್ತಲು ಬಂದ ದೊಡ್ಡಬಸಮ್ಮನ ಗಾತ್ರ ನೋಡಿ ಎಂದ ಜಟಕಾದ ಎರ್ರೆಪ್ಪ. ಆಗಲೇ ಒಳಗೆ ಕೂತಿದ್ದ ಸತ್ಯನಾರಾಯಣಪೇಟೆಯ ಹೆಂಗಸರು ಕಿಸಕ್ಕನೆ ನಕ್ಕರು. ಪಕ್ಕದ ಮನೆಯ ಪಾರಮ್ಮ ಎಲ್ಲರಿಗಿಂತ ಜೋರಾಗಿ, "ಈಕಿಗೆ ಆನಿ ಕಟ್ಟಬೇಕೋ!" ಎಂದಳು.

ಅಂದು ಕೌಲ್‌ಬಜಾರಿನಲ್ಲಿ ದೊಡ್ಡಬಸಮ್ಮನ ತಂಗಿ ಜಂಬಮ್ಮನ ಸೀಮಂತ. ತಾಯಿಯಿಲ್ಲದ ಹುಡುಗಿ, ಮೊದಲ ಹಸಿರು ಬಳೆ ಅಕ್ಕನೇ ತೊಡಿಸಬೇಕು.

"ನಡಕೊಂಡ ಹೋಗ್ತೀನಿ. ಮುಹೂರ್ತಕ್ಕ ಮುಟ್ಟೇ ಮುಟ್ತೀನಿ," ಎಂದವಳೇ ದೊಡ್ಡಬಸಮ್ಮ ಬಳೆಯ ಬುಟ್ಟಿಯನ್ನು ಸೊಂಟಕ್ಕಿಟ್ಟು ಹೊರಟಳು.

ಬಳ್ಳಾರಿಯ ಬಿಸಿಲು ಅವಳನ್ನು ಹಂಚಿನ ಮೇಲಿನ ರೊಟ್ಟಿಯಂತೆ ಎರಡೂ ಕಡೆ ಬೇಯಿಸಿತು. ಕಾಲು ಮಾತ್ರ ನಿಲ್ಲಲಿಲ್ಲ. ರೈಲು ಗೇಟಿನ ಏರಿಗೆ ಬಂದರೆ ಮುಂದೆ ಕಿರುಚಾಟ. ಗೇಟು ತೆರೆಯಲು ಕಾದು ನಿಂತಿದ್ದ ಜಟಕಾದಲ್ಲಿ ಎಲ್ಲರೂ ಹಿಂದೆಯೇ ಕೂತಿದ್ದಕ್ಕೆ ಹಿಂಭಾಗ ಕುಸಿದು, ಮುಂಭಾಗ ಮೇಲೆದ್ದು, ಕುದುರೆ ಮುಂಗಾಲೆತ್ತಿ ಆಕಾಶಕ್ಕೆ ಕೈಮುಗಿಯುತ್ತಿತ್ತು. ಹೆಂಗಸರು ಚೀಲದ ಬದನೆಕಾಯಿಗಳಂತೆ ಒಬ್ಬರ ಮೇಲೊಬ್ಬರು.

"ಅಕ್ಕಾರ, ಮುಂದ ಹತ್ತಿ ಕೂಡ್ರಿ! ನೀವು ಹತ್ತದಿದ್ರ ಕುದುರಿ ಇಳಿಯಂಗಿಲ್ರಿ!" ಎರ್ರೆಪ್ಪ ಗೋಗರೆದ.

ದೊಡ್ಡಬಸಮ್ಮ ಮುಂಭಾಗವನ್ನು ಜಗ್ಗಿ ಹತ್ತಿದಳು. ಕುದುರೆ ನೆಲ ಕಂಡಿತು. ಹೆದರಿದ್ದ ಪಾರಮ್ಮ ಅವಳನ್ನೇ ಹಿಡಿದು ಪಕ್ಕಕ್ಕೆ ಕೂತಳು.

ಚಾದಂಗಡಿಯ ಮುಂದೆ ಹುಡುಗರು ಕೂಗಿದರು: "ಗೋಣಿಚೀಲ ಹೊಂಟಾವ ನೋಡ್ರಲೇ!"

ಪಾರಮ್ಮನ ಮುಖ ಸಣ್ಣದಾಯಿತು. "ನಿನಗ ದಿನಾ ಹಿಂಗ ಅಂತಾರೇನ, ಬಸಮ್ಮ?"

"ಬೀದ್ಯಾಗ ಇವರು, ಓಣ್ಯಾಗ ನೀವು."

ಪಾರಮ್ಮ ಎದ್ದು ನಿಂತು, "ನಿಮ್ಮ ಅವ್ವಗೂ ಹಿಂಗ ಅಂತೀರೇನಲೇ?" ಎಂದು ಚಾದಂಗಡಿ ನಡುಗುವಂತೆ ಬೈದಳು. ಕೂತು, ದನಿ ತಗ್ಗಿಸಿ, "ಮುಂಜಾನಿ ನಾ ಅಂದಿದ್ದೂ ತಪ್ಪವ್ವ," ಎಂದಳು. ದೊಡ್ಡಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೆವರೆಂದಳು.

ಜಂಬಮ್ಮನ ಮನೆ ಬಂತು. ದೊಡ್ಡಬಸಮ್ಮ ಇಳಿಯಹೋದರೆ ಎಲ್ಲರೂ, "ಇಳಿಬ್ಯಾಡ! ಮೊದಲ ನಾವು ಇಳಿತೀವಿ!" ಎಂದು ಚೀರಿದರು. ಎಲ್ಲರೂ ಇಳಿದರು. ಅಷ್ಟರಲ್ಲಿ, ಸಿರಿಗೇರಿಯ ಬೀಗರು ಹೊರೆಗಟ್ಟಲೆ ಸಾಮಾನು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾರೆಂದು ಸುದ್ದಿ ಬಂತು.

ಹೊಸ ಪ್ರೀತಿ ಉಕ್ಕಿದ ಪಾರಮ್ಮ ಬುಟ್ಟಿ ಇಸಿದುಕೊಂಡಳು. "ಎರ್ರೆಪ್ಪ, ನಮ್ಮ ಬಸಮ್ಮನ್ನ ಮುಂದ ಕೂಡ್ರಿಸಿಕೊಂಡ ಹೋಗು. ಇನ್ನ ಮ್ಯಾಲ ಆಕಿ ಇಲ್ಲದ ಗಾಡಿ ಹೂಡಬ್ಯಾಡ!"

ದೊಡ್ಡಬಸಮ್ಮ ಬಾಯಿ ತೆರೆಯುವುದರೊಳಗೆ ಕುದುರೆ ಓಡಿತು.

ಬೀಗರು ಒಂದೇ ಸವಾರಿಗೆ ಮುಗಿಯಲಿಲ್ಲ. ಕೊನೆಗೆ ಅವಳು ಒಳಗೆ ಬಂದಾಗ ತಂಗಿಯ ಕೈತುಂಬ ಹಸಿರು ಬಳೆ. ಮೊದಲನೆಯದನ್ನು ಪಾರಮ್ಮ ತೊಡಿಸಿದ್ದಳು.

ಅಕ್ಕ ನಡೆದು ಹೊರಟಳೆಂಬುದಷ್ಟೇ ಕಿವಿಗೆ ಬಿದ್ದಿದ್ದ ಜಂಬಮ್ಮ ತುಂಬಿದ ಕಣ್ಣಲ್ಲಿ ಅವಳನ್ನು ನೋಡಿದಳು.

"ಮುಹೂರ್ತಾನ ಮೀರಿತಲ್ಲವ್ವ! ಹಟ ಹಿಡಿದು ನಡಕೊಂತ ಬರೋ ಬದಲು ಒಂದು ಜಟಕಾ ಹತ್ತಬಾರದಿತ್ತೇನಕ್ಕಾ?"