ಕಣದ ತುಂಬ ಅಮ್ಮನ ಕಾಲು

ಅಮ್ಮನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡ ಅಕ್ಕಿಕಾಳುಗಳನ್ನು ಹೆಕ್ಕುತ್ತಿದ್ದೆ. ಮಧ್ಯಾಹ್ನ ಅವಳು ಊಟಕ್ಕೆ ಬಂದಾಗ ಇದು ನನ್ನ ಕೆಲಸ. ಕಾಳು ತೆಗೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಹೊಸ ಗಾಯ ಆಗಿದೆಯಾ ಎಂದು ನೋಡುವುದು. ಆಗ ಇಬ್ಬರೂ ಮಾತಾಡುವುದಿಲ್ಲ. ಮಾತಾಡಿದರೆ ಚಪ್ಪಲಿಯ ಜಗಳ ಶುರುವಾಗುತ್ತದೆ.

ದಾವಣಗೆರೆಯಲ್ಲಿ ನಮ್ಮ ಕೇರಿಯ ತುಂಬ ಮಂಡಕ್ಕಿ ಭಟ್ಟಿಗಳು. ಉಪ್ಪುನೀರಿನಲ್ಲಿ ಕಲಸಿದ ಅಕ್ಕಿಯನ್ನು ಸಿಮೆಂಟಿನ ಕಣದಲ್ಲಿ ಹರವಿ, ಹೆಂಗಸರು ಸಾಲಾಗಿ ಕಾಲೆಳೆಯುತ್ತ ಅದನ್ನು ತಿರುವುತ್ತಾರೆ. ತಿನ್ನುವ ಕಾಳಿನ ಮೇಲೆ ಚಪ್ಪಲಿ ಕಾಲು ಇಡುವ ಹಾಗಿಲ್ಲ. ಭಟ್ಟಿಯ ಸಾಹುಕಾರರೂ ಕಣದಂಚಿನಲ್ಲಿ ಚಪ್ಪಲಿ ಬಿಟ್ಟೇ ಬರುತ್ತಾರೆ. ಅಕ್ಕಿ ಹದವಾಗಿ ಆರಿದೆಯೋ ಇಲ್ಲವೋ ಎಂದು ಅಂಗಾಲಿನಿಂದಲೇ ಹೇಳುತ್ತಿದ್ದವಳು ನಮ್ಮಮ್ಮ ಕಾಸಿಂಬಿ.

ಈಗ ಆ ಅಂಗಾಲಿಗೆ ಏನೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ತಿಂದುಹಾಕಿದೆ. ಹೋದ ವರ್ಷ ಕೆಂಡ ತುಳಿದಾಗ ಅವಳಿಗೆ ಗೊತ್ತಾದದ್ದು ಸುಟ್ಟ ವಾಸನೆಯಿಂದ. ಇನ್ನೊಂದು ಹುಣ್ಣಾದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ, ಯಾವಾಗಲೂ ಚಪ್ಪಲಿ ಹಾಕಿಕೊಂಡಿರಿ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಹಾಕಿಕೊಳ್ಳುತ್ತಾಳೆ, ಕಣದ ಅಂಚಿನವರೆಗೆ.

ಇನ್ನೊಂದು ಸಂಗತಿಯನ್ನೂ ನಾನು ನೋಡಿಟ್ಟಿದ್ದೆ. ಮುಖಕ್ಕೆ ಸೋಪು ಹಚ್ಚುವಾಗ ಅಮ್ಮ ಸೊಂಟವನ್ನು ಗೋಡೆಗೆ ಆನಿಸುತ್ತಾಳೆ. ಕಣ್ಣು ಮುಚ್ಚಿದರೆ ತೂರಾಡುತ್ತಾಳೆ. ಕಣ್ಣಿಗೆ ಕಾಣದಿದ್ದರೆ ಅವಳ ಕಾಲು ಎಲ್ಲಿದೆಯೆಂದು ಅವಳಿಗೇ ತಿಳಿಯದು. ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ದಾದಾಪೀರ್ ಮಾಮನಿಗೆ ಮಾತ್ರ ಹೇಳಿದ್ದೆ. ಅಷ್ಟೇ ಸಾಕಾಯಿತು!

ಮಾಮ ಅಮ್ಮನ ತಮ್ಮ, ಮೋಟರ್ ವೈಂಡಿಂಗ್ ಮಾಡುತ್ತಾನೆ. ಗುಬ್ಬಿ ಓಡಿಸುವ ಯಂತ್ರ ಮಾಡಿ ಹರಿಹರದವರೆಗಿನ ಗುಬ್ಬಿಗಳನ್ನೆಲ್ಲ ನಮ್ಮ ಕೇರಿಗೆ ಕರೆಸಿದವನು ಇವನೇ. ಅವತ್ತು ಎರಡು ತಾಮ್ರದ ಕಡಗ ಹಿಡಿದು ಬಂದ.

"ಅಕ್ಕಾ, ಕಾಲು ಕೊಡು!"

"ಯಾಕೋ, ನಿನ್ನವು ಸವೆದೋದ್ವಾ?"

"ನಗಬೇಡ. ಒತ್ತಿದ್ದು ಹೇಳೋಕೆ ಚರ್ಮದೊಳಗೆ ಒಬ್ಬ ಕಾವಲುಗಾರ ಇರ್ತಾನೆ, ಸುಟ್ಟಿದ್ದು ಹೇಳೋಕೆ ಇನ್ನೊಬ್ಬ. ಮೊಣಕಾಲು ಎಷ್ಟು ಮಡಚಿದೆ ಅಂತ ಹೇಳೋಕೆ ಮಾಂಸದೊಳಗೆ ಮತ್ತೊಬ್ಬ. ಎಲ್ಲಾರೂ ತಂತಿ ಮೇಲೆ ತಲೆಗೆ ಸುದ್ದಿ ಕಳಿಸ್ತಾನೇ ಇರ್ತಾರೆ. ನಿನ್ನ ಕಾಲಲ್ಲಿ ತಂತಿ ಸುಟ್ಟೋಗಿದೆ."

"ಹಂಗಾದ್ರೆ ರೀವೈಂಡಿಂಗ್ ಮಾಡು."

"ಆ ತಂತಿ ಅಂಗಡೀಲಿ ಸಿಗಲ್ಲ! ಅದಕ್ಕೇ ನಿನ್ನ ಕಾಲಿನ ಸುದ್ದೀನ ಶಮ್ಮಿ ಕಾಲಿಗೆ ಕಳಿಸ್ತೀನಿ."

"ಅವಳಿಗ್ಯಾಕೋ? ನನ್ನ ಸುದ್ದಿ ನನಗೇ ಕಳಿಸು."

ಮಾಮ ನನ್ನ ಕಡೆ ನೋಡಿದ. "ನಿನಗೆ ನೋವಾದ್ರೆ ನೀನು ಕೆಲಸ ನಿಲ್ಲಿಸಲ್ಲ ಅಕ್ಕ. ಅವಳಿಗಾದ್ರೆ ನಿಲ್ಲಿಸ್ತೀಯ."

ಅಮ್ಮ ಕಾಲು ಮುಂದೆ ಚಾಚಿದಳು. ಮಾಮ ಒಂದು ಕಡಗವನ್ನು ಅವಳ ಎಡಗಾಲಿಗೂ ಇನ್ನೊಂದನ್ನು ನನ್ನ ಎಡಗಾಲಿಗೂ ಹಾಕಿ, ಪೊರಕೆಕಡ್ಡಿಯಿಂದ ಅಮ್ಮನ ಅಂಗಾಲು ಗೀರಿದ. ಅಮ್ಮ ಕಲ್ಲಿನ ಹಾಗೆ ಕೂತಿದ್ದಳು. ನಾನು ನಕ್ಕು ನಕ್ಕು ಚಾಪೆಯಿಂದಾಚೆ ಉರುಳಿದೆ!

"ಏನಾಯ್ತೇ ನಿಂಗೆ?"

"ಕಚಗುಳಿ ಅಮ್ಮಾ! ನಿಂದು!"

ಮಾಮ ಮೀಸೆ ತಿರುವಿಕೊಂಡ. ಅಷ್ಟರಲ್ಲಿ ಅಮ್ಮ ನೀರು ಕುಡಿಯಲೆಂದು ಎದ್ದು ಹೊಸ್ತಿಲು ದಾಟಿದಳು. ನಾನು ಕೂತೇ ಇದ್ದೆ, ಆದರೆ ನನ್ನ ಕಾಲು ನಂಬಬೇಕಲ್ಲ! ನಾನೀಗ ಹೊಸ್ತಿಲು ದಾಟುತ್ತಿದ್ದೇನೆ ಎಂದು ಅದು ಹಟ ಹಿಡಿಯಿತು. ಪಾತ್ರೆಗಳ ರಾಶಿಯ ಮೇಲೆ ಬಿದ್ದೆ.

"ಕಾಲು ಎಲ್ಲಿದೆ ಅನ್ನೋ ಸುದ್ದಿ ಸ್ವಲ್ಪ ಜಾಸ್ತಿ ಹೋಗ್ತಿದೆ," ಎಂದು ಮಾಮ ಕಡಗದ ತಿರುಪು ತಿರುಗಿಸಿದ. ತಿರುಗಿಸಿದ್ದು ಯಾವ ಕಡೆಗೋ, ಮೂವರೂ ಭಟ್ಟಿಗೆ ಹೊರಟಾಗ ಕೇರಿಯುದ್ದಕ್ಕೂ ಅಮ್ಮ ಚರಂಡಿ ದಾಟಿದಲ್ಲೆಲ್ಲ ನಾನು ಸಪಾಟು ನೆಲದಲ್ಲಿ ಹಾರಿದೆ. ಯಾರ ಕಣ್ಣಿಗೂ ಬೀಳದೆ ಗೋಡೆ ಬದಿಯಲ್ಲಿ ನಡೆಯುವ ಹುಡುಗಿ ನಾನು. ಅವತ್ತು ಕೇರಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು.

ಭಟ್ಟಿಯ ಒಲೆಯ ಪಕ್ಕದಲ್ಲಿ ಹಾಯುವಾಗ ನನ್ನ ಹಿಮ್ಮಡಿ ಚುರ್ ಎಂದಿತು. "ಅಯ್ಯಮ್ಮಾ!" ಎಂದು ಕಿರುಚಿದೆ. ನನ್ನ ಬಾಯಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಅಮ್ಮ ಗಕ್ಕನೆ ಕಾಲೆತ್ತಿದಳು. ಅವಳ ಚಪ್ಪಲಿಯ ಹಿಂಬದಿ ಸವೆದು ತೂತಾಗಿತ್ತು, ಅದರ ಕೆಳಗೆ ಒಂದು ಕೆಂಡ ಇತ್ತು. ಹಿಮ್ಮಡಿಗೆ ಏನೂ ಆಗಿರಲಿಲ್ಲ.

"ನೋಡಿದ್ಯಾ!" ಎಂದು ಮಾಮ ಕುಣಿದ.

ಅಮ್ಮ ಕುಣಿಯಲಿಲ್ಲ. ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಉಜ್ಜಿದಳು. "ಹೋಗಿ ಹೋಗಿ ಈ ಕೂಸಿಗೆ ಕಟ್ಟಿದ್ಯಲ್ಲೋ," ಎಂದಳು. ಕೆಂಡ ತುಳಿದವಳು ತಾನು ಎಂಬುದು ಅವಳ ಲೆಕ್ಕಕ್ಕೇ ಬರಲಿಲ್ಲ.

ಕಣದಲ್ಲಿ ಆಗ ತಾನೇ ಉಪ್ಪಕ್ಕಿ ಹರವಿದ್ದರು, ಇನ್ನೂ ಒದ್ದೆ. ಹೆಂಗಸರು ಸಾಲು ಹಿಡಿದಿದ್ದರು. ಅಮ್ಮ ಚಪ್ಪಲಿ ಬಿಟ್ಟು ಕಾಳಿನ ಮೇಲೆ ಕಾಲಿಟ್ಟಳು. ಅವಳ ಹಿಂದೆ ನಾನೂ ಇಟ್ಟೆ.

ಸಾಲಿನವರೆಲ್ಲ ಒಟ್ಟಿಗೆ ಎಡಗಾಲು ಎಳೆದರು. ಎಲ್ಲರೂ ಅಮ್ಮನ ಹಾಗೆ ತುಸು ಕುಂಟಿದರು. ಕಾಲು ಎಲ್ಲಿದೆಯೆಂದು ನೋಡಲು ಎಲ್ಲರೂ ಅಮ್ಮನ ಹಾಗೆ ತಲೆ ಬಗ್ಗಿಸಿದರು!

"ಯಾರದ್ದೇ ಇದು? ಈ ಕಾಲು ನಂದಲ್ಲ!" ಎಂದು ಕೆಂಚಮ್ಮ ಕೂಗಿದಳು. ಭಟ್ಟಿಯಲ್ಲೇ ದೊಡ್ಡ ಬಾಯಿ ಅವಳದು. ಅವಳ ಮೀನಖಂಡಕ್ಕೆ ನೊಣ ಕೂತಿರಬೇಕು, ಕೆರೆದುಕೊಳ್ಳಲು ಬಗ್ಗಿದಳು. ನಾವೆಲ್ಲರೂ ಬಗ್ಗಿ ನಮ್ಮ ನಮ್ಮ ಮೀನಖಂಡ ಕೆರೆದುಕೊಂಡೆವು.

"ದಾದಾಪೀರಾ, ಏನ್ ಮಾಡಿದ್ಯೋ ಹಾಳಾದವ್ನೇ!"

"ಉಪ್ಪು!" ಎಂದು ಮಾಮ ಹಣೆ ಬಡಿದುಕೊಂಡ. "ಉಪ್ಪುನೀರು ಸುದ್ದೀನ ಎಲ್ಲಾ ಕಡೆ ಒಯ್ದುಬಿಟ್ಟಿದೆ! ತಡೀರಿ, ಕಡಗ ಬಿಚ್ತೀನಿ!" ಕಣದೊಳಕ್ಕೆ ನುಗ್ಗಲು ಹೋದ.

"ಚಪ್ಪಲಿ!" ಎಂದು ಎಲ್ಲರೂ ಒಟ್ಟಿಗೆ ಗದರಿದರು. ಎಷ್ಟೇ ಅವಾಂತರವಾಗಲಿ, ತಿನ್ನುವ ಕಾಳಲ್ಲವೇ? ಮಾಮ ಚಪ್ಪಲಿ ಬಿಟ್ಟು ಕಾಲಿಟ್ಟ, ಅವನೂ ಕುಂಟತೊಡಗಿದ. ಬಲಕ್ಕೆ ಹೋಗಬೇಕೆಂದರೆ ಸಾಲಿನ ಜೊತೆ ಎಡಕ್ಕೆ ಹೋದ.

"ಈಗ ಗೊತ್ತಾಯ್ತಾ ನಮ್ಮ ಕೆಲಸ?" ಎಂದಳು ಕೆಂಚಮ್ಮ.

ಆಗಲೇ ನಮ್ಮೆಲ್ಲರ ಎಡ ಅಂಗಾಲಿಗೆ ಏನೋ ನಟ್ಟಿತು.

"ಅಯ್ಯಯ್ಯೋ!" ಕಣಕ್ಕೆ ಕಣವೇ ಕೂಗಿತು. ಎಲ್ಲರೂ ಒಂಟಿಕಾಲಲ್ಲಿ ನಿಂತು ತಮ್ಮ ತಮ್ಮ ಅಂಗಾಲು ತಿರುವಿ ನೋಡಿದರು. ಕೆಂಚಮ್ಮನದು ಶುದ್ಧ. ಮಾಮನದು ಶುದ್ಧ. ನನ್ನದೂ ಶುದ್ಧ. ನಾನು ಅಮ್ಮನ ಕಾಲು ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ಜರಡಿಯ ಮುರಿದ ತಂತಿ ಅರ್ಧ ಒಳಗೆ ಹೋಗಿತ್ತು. ನಮಗೆ ನೋಯದೇ ಹೋಗಿದ್ದರೆ ಸಂಜೆಯವರೆಗೂ ಅವಳು ಅದರ ಮೇಲೇ ನಡೆಯುತ್ತಿದ್ದಳು.

ಮೆಲ್ಲಗೆ ಎಳೆದು ತೆಗೆದೆ. ಒಂದು ಹನಿ ರಕ್ತ ಬಂತು. ಅಮ್ಮ ಕಾಲನ್ನು ಅಕ್ಕಿಯ ಮೇಲೆ ಊರಿದಳು, ಗಾಯಕ್ಕೆ ಉಪ್ಪು ತಾಗಿತು. ಎಲ್ಲರೂ "ಸ್‌ಸ್‌ಸ್" ಎಂದರು. ಆ ಸದ್ದುಗಳಲ್ಲಿ ಒಂದು ಅಮ್ಮನದು.

"ಉರೀತಿದೆ ಕಣೇ ಶಮ್ಮಿ!" ಎಂದಳು. ಮನೆಗೆ ನೆಂಟರು ಬಂದಿದ್ದಾರೆ ಎನ್ನುವ ಹಾಗೆ ಹೇಳಿದಳು.

ಮಾಮ ಬಾಯಿ ತೆರೆದು ನಿಂತ. "ಎಲ್ಲರ ಕಾಲಿನ ಸುದ್ದಿ ಕಡಗದಿಂದ ಹಿಂದಕ್ಕೆ, ನಿನ್ನ ಮೊಣಕಾಲಿಗೆ ಹತ್ತಿದೆ ಅಕ್ಕ... ಅಲ್ಲಿಂದ ಮೇಲೆ ತಂತಿ ಚೆನ್ನಾಗಿದೆ. ಇದು ನಾನು ಮಾಡಿದ್ದಲ್ಲ." ಅವನು ಹೀಗೆ ಒಪ್ಪಿಕೊಂಡದ್ದನ್ನು ನಾನು ಮೊದಲು ಕೇಳಿದ್ದೇ ಅವತ್ತು.

"ತಣ್ಣಗೂ ಇದೆ," ಎಂದಳು ಅಮ್ಮ. ಬೆರಳುಗಳಿಂದ ಕಾಳನ್ನು ಒತ್ತಿದಳು. "ಒಳಗೆ ಇನ್ನೂ ಹಸಿ. ಇನ್ನೊಂದು ಸಲ ತಿರುವಬೇಕು."

ಆಮೇಲೆ ಅವಳು ಕಣ್ಣು ಮುಚ್ಚಿದಳು. ಹಿಡಿಯಲೆಂದು ನಾನು ಕೈ ಚಾಚಿದೆ. ಬೇಕಾಗಲಿಲ್ಲ. ಹತ್ತಿರದಲ್ಲಿ ಗೋಡೆ ಇರಲಿಲ್ಲ, ಆದರೂ ಅವಳು ತೂರಾಡಲಿಲ್ಲ, ನೆಟ್ಟಗೆ ನಿಂತಿದ್ದಳು.

ಯಾರಾದರೂ ಕಾಳಿನಿಂದ ಆಚೆ ಕಾಲಿಟ್ಟರೆ ಏನಾಗುತ್ತದೋ ಎಂದು ಒಬ್ಬರೂ ಕದಲಲಿಲ್ಲ. ಕೆಂಚಮ್ಮನ ಮೀನಖಂಡದ ಮೇಲೆ ನೊಣ ಮತ್ತೆ ಕೂತಿತ್ತು, ನಮ್ಮೆಲ್ಲರಿಗೂ ನವೆಯಾಗುತ್ತಿತ್ತು, ಯಾರೂ ಕೆರೆದುಕೊಳ್ಳಲಿಲ್ಲ. ಅಮ್ಮನ ಗಾಯದ ಸುತ್ತ ಅಕ್ಕಿ ಸಣ್ಣಗೆ ಕೆಂಪಾಗುತ್ತಿತ್ತು. ನಾನು ಮಾತ್ರ ಕಾಳಿನಿಂದ ಆಚೆ ಹೆಜ್ಜೆ ಇಡದೆ ಕಣದಂಚಿಗೆ ಹೋಗಿ ಅವಳ ಚಪ್ಪಲಿ ತಂದೆ. ಹಾಕಿಕೊಂಡರೆ ಅವಳ ಕಾಲಿಗೆ ಮತ್ತೆ ಏನೂ ತಿಳಿಯದು ಎಂದು ಗೊತ್ತಿದ್ದೂ, ಬಗ್ಗಿ ಅವಳ ಕಾಲ ಬಳಿ ಹಿಡಿದೆ.

"ಅಮ್ಮಾ," ಎಂದೆ, "ಚಪ್ಪಲಿ ಹಾಕ್ಕೋ."